ಅಂಗಡೀದ್ ಥರಾನೇ

ಮನೆಯಲ್ಲಿ ಮಾಡಿದ ತಿಂಡಿಗೆ ಈಗ ಸಿಗುವ ದೊಡ್ಡ ಮೆಚ್ಚುಗೆಯೆಂದರೆ ‘ಅಂಗಡೀದ್ ಥರಾನೇ ಬಂದಿದೆ’ ಅನ್ನುವುದು. ನನ್ನ ನಾದಿನಿ ಬೆಂಗಳೂರಿನಿಂದ ಬಂದಾಗಲೆಲ್ಲ ನಮ್ಮ ಮನೆಯ ಬ್ರೆಡ್ಡಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಇದನ್ನೇ ಹೇಳುತ್ತಾಳೆ. ‘ಅತ್ತಿಗೆ, ಸೇಮ್ ಅಂಗಡೀದ್ ಥರಾನೇ!’ ಕಪಟವಿಲ್ಲದ ಹುಡುಗಿ ಅವಳು. ಹೊಗಳಬೇಕೆಂದೇ ಹೇಳುತ್ತಾಳೆ, ಹೇಳಿ ಇನ್ನೆರಡು ತುಂಡು ತಿನ್ನುತ್ತಾಳೆ. ಆದರೆ ಆ ಮಾತು ನನ್ನನ್ನು ರಾತ್ರಿ ಮಲಗಿದ ಮೇಲೂ ಕೊರೆಯುತ್ತದೆ. ನಾದಿ, ಉಬ್ಬಲು ಬಿಟ್ಟು, ಮತ್ತೆ ನಾದಿ, ಓವನ್ನಿನ ಮುಂದೆ ನಿಂತು ಬೇಯಿಸಿದ್ದು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಿತು? ಅಂಗಡಿಗೆ.

ಅಂಗಡಿಯವರಾದರೂ ಏನು ಹೇಳಿಕೊಳ್ಳುತ್ತಾರೆ ನೋಡಿ. ನಮ್ಮ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಹೆದ್ದಾರಿ ಪಕ್ಕ ನಿಂತು ಬೋರ್ಡುಗಳನ್ನು ಓದಿದರೆ ಸಾಕು. ಕನ್ನಡದಲ್ಲಿ ಮನೆ ರುಚಿ, ತೆಲುಗಿನಲ್ಲಿ ಇಂಟಿ ರುಚಿ, ಪಕ್ಕದಲ್ಲಿ ಸೆರಗು ಹೊದ್ದ ಅಮ್ಮನ ಚಿತ್ರ. ಚಕ್ಕುಲಿ ಪ್ಯಾಕೆಟ್ಟಿನ ಮೇಲೆ ಅಜ್ಜಿ, ಉಪ್ಪಿನಕಾಯಿ ಬಾಟಲಿಯ ಮೇಲೂ ಅಜ್ಜಿ. ಅಂಗಡಿಯವನು ಮನೆಯ ಹೆಸರು ಹೇಳಿ ಮಾರುತ್ತಾನೆ. ಮನೆಗೆ ಬಂದವರು ಅಂಗಡಿಯ ಹೆಸರು ಹೇಳಿ ಹೊಗಳುತ್ತಾರೆ. ಇದು ಯಾವ ಲೆಕ್ಕ ಎಂದು ನಾನು ಬಹಳ ದಿನದಿಂದ ಯೋಚಿಸುತ್ತಿದ್ದೇನೆ.

ಚೆಕ್‌ಪೋಸ್ಟ್ ಅಂದೆನಲ್ಲ, ಅದೀಗ ಹೆಸರಿಗಷ್ಟೇ. ಬೆಂಗಳೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಬಾಗೇಪಲ್ಲಿ ದಾಟಿ ಬಂದರೆ ಆಂಧ್ರ ಶುರುವಾಗುವ ಕಡೆ ಸಿಗುವುದು ನಮ್ಮೂರು. ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಅದರಾಚೆ ಹಿಂದೂಪುರ. 2022ರ ಏಪ್ರಿಲ್‌ವರೆಗೆ ನಾವು ಅನಂತಪುರ ಜಿಲ್ಲೆಯವರು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯವರು. ಲಾರಿಗಳ ತೆರಿಗೆ ಕಾಗದ ನೋಡುವ ಕಾಲದಲ್ಲಿ ಇಲ್ಲಿ ಗಾಡಿಗಳ ಸಾಲು ಕರಗುತ್ತಿರಲಿಲ್ಲ. ಕಾಯುವ ಡ್ರೈವರು, ಕ್ಲೀನರುಗಳಿಗೆ ಟೀ, ಬನ್ನು, ಬ್ರೆಡ್ ಆಮ್ಲೆಟ್ಟು ಬೇಕಾಗಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಆ ಸಾಲು ಹೋಯಿತು, ಹೆಸರು ಉಳಿಯಿತು, ಬೇಕರಿಗಳೂ ಉಳಿದವು. ಈಗ ಲೇಪಾಕ್ಷಿ ನೋಡಲು ಹೋಗುವವರು ಅಲ್ಲಿ ಕಾರು ನಿಲ್ಲಿಸುತ್ತಾರೆ. ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಟ್ಟಿನ ಮಿಲ್ಲಿನಲ್ಲಿ ಎರಡೂ. ಬೇಕರಿಗಳ ಗಾಜಿನ ಬೀರುವಿನಲ್ಲಿ ಮಾತ್ರ ಎಲ್ಲ ಊರಿನದೂ ಒಂದೇ: ದಿಲ್‌ಪಸಂದ್, ಪಫ್, ಹನಿ ಕೇಕು, ಖಾರಾ ಬನ್ನು.

ಇಷ್ಟೆಲ್ಲ ಕಾಲಳತೆಯಲ್ಲಿ ಇದ್ದರೂ ನಮ್ಮ ಮನೆಗೆ ಬೇಕರಿಯಿಂದ ಏನೂ ಬರುವುದಿಲ್ಲ. ಬ್ರೆಡ್ಡು, ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು, ಮಕ್ಕಳ ಹುಟ್ಟುಹಬ್ಬದ ಕೇಕು ಎಲ್ಲ ಮನೆಯಲ್ಲೇ. ರೊಟ್ಟಿ, ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ, ಒಬ್ಬಟ್ಟು ಹೇಗೂ ಮನೆಯವೇ. ಇದು ವ್ರತ ಹಿಡಿದಂತೆ ಒಂದು ದಿನ ಶುರುವಾದದ್ದಲ್ಲ. ಒಂದೊಂದಾಗಿ ಒಳಗೆ ಬಂದವು.

ನಮ್ಮ ಅತ್ತೆಯ ಕಾಲದಲ್ಲಿ ಬ್ರೆಡ್ಡು ಕಾಯಿಲೆಯವರ ಆಹಾರವಾಗಿತ್ತು. ಯಾರಾದರೂ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬೀದಿಯಲ್ಲಿ ನಡೆದರೆ, ‘ಯಾರಿಗಪ್ಪ ಜ್ವರ?’ ಎಂದು ಜಗಲಿಯ ಮೇಲಿದ್ದವರು ಕೇಳುತ್ತಿದ್ದರಂತೆ. ಆಸ್ಪತ್ರೆಗೆ ನೋಡಲು ಹೋಗುವಾಗ ಬ್ರೆಡ್ಡು, ಮೋಸಂಬಿ. ಹಾಲಿನಲ್ಲಿ ಅದ್ದಿ ತಿನ್ನಿಸಿದರೆ ಜ್ವರ ಬಿಟ್ಟಿತು ಅಂತಲೇ ಅರ್ಥ. ರಾಗಿ ಮುದ್ದೆ ನುಂಗಿ ಹೊಲಕ್ಕೆ ಹೋಗುವ ಆಳಿಗೆ ಅದು ಊಟ ಅಂತಲೇ ಅನ್ನಿಸುತ್ತಿರಲಿಲ್ಲ. ಅತ್ತೆ ಈಗಲೂ ಬ್ರೆಡ್ಡನ್ನು ‘ಗಾಳಿ ತಿಂಡಿ’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಒಳಗೆ ಗಾಳಿ ನಿಂತರೇ ತಾನೆ ಅದು ಬ್ರೆಡ್ಡು.

ಆ ಗಾಳಿ ತಿಂಡಿಯನ್ನು ಊರೂರಿಗೆ ಮುಟ್ಟಿಸಲು ಸರ್ಕಾರವೇ ನಿಂತಿತು ಎನ್ನುವುದು ಈಗಿನ ಮಕ್ಕಳಿಗೆ ಗೊತ್ತಿಲ್ಲ. 1965ರಲ್ಲಿ ಕೇಂದ್ರ ಸರ್ಕಾರ ಮಾಡರ್ನ್ ಬೇಕರೀಸ್ ಎಂಬ ಕಂಪನಿ ಕಟ್ಟಿತು. ಹಡಗಿನಲ್ಲಿ ಅಮೆರಿಕದ ಗೋಧಿ ಬರುತ್ತಿದ್ದ ಬರಗಾಲದ ದಿನಗಳು ಅವು. ಅಕ್ಕಿ, ರಾಗಿ ತಿನ್ನುವ ದಕ್ಷಿಣದವರ ಬಾಯಿಗೂ ಗೋಧಿ ಹತ್ತಬೇಕಿತ್ತು. 2000ದಲ್ಲಿ ಅದೇ ಕಂಪನಿಯನ್ನು ಸರ್ಕಾರ ಹಿಂದೂಸ್ತಾನ್ ಲಿವರ್‌ಗೆ ಮಾರಿಬಿಟ್ಟಿತು. ಅಷ್ಟರಲ್ಲಿ ಬ್ರೆಡ್ಡು ಜ್ವರದ ಮಂಚದಿಂದ ಎದ್ದು ಮಕ್ಕಳ ಟಿಫನ್ ಡಬ್ಬಿಗೆ ಬಂದು ಕೂತಿತ್ತು.

ನಮ್ಮ ಮನೆಗೆ ಅದನ್ನು ಒಳಗೆ ತಂದು ಬೇಯಿಸುವ ಯೋಚನೆ ಬಂದದ್ದು 2016ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯವರು ಅಲ್ಲಿನ ಬ್ರೆಡ್ಡು, ಬನ್ನು, ಪಿಜ್ಜಾಗಳ 38 ಮಾದರಿ ಪರೀಕ್ಷೆ ಮಾಡಿ, 32ರಲ್ಲಿ ಪೊಟ್ಯಾಸಿಯಂ ಬ್ರೊಮೇಟ್ ಅಥವಾ ಅಯೊಡೇಟ್ ಇದೆ ಎಂದರು. ಹಿಟ್ಟಿಗೆ ಬಿಗಿ ಕೊಡಲು, ಚೆನ್ನಾಗಿ ಉಬ್ಬಿಸಿ ಬೆಳ್ಳಗೆ ಕಾಣಿಸಲು ಹಾಕುವ ಪುಡಿ ಅದು. ಮರುತಿಂಗಳೇ ಬ್ರೊಮೇಟನ್ನು ನಿಷೇಧಿಸಿದರು. ಸುದ್ದಿ ಓದಿದ ನಮ್ಮ ಯಜಮಾನರು ಮಕ್ಕಳ ಡಬ್ಬಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ನಿಷೇಧವಾದ ಮೇಲೆ ಭಯಪಡುವ ಕಾರಣ ಹೋಯಿತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ನಾನು ಹಿಟ್ಟಿಗೆ ಕೈ ಹಾಕಿಯಾಗಿತ್ತು. ಹಿಟ್ಟಿಗೆ ಒಮ್ಮೆ ಕೈ ಹಾಕಿದವರು ತೆಗೆಯುವುದು ಕಷ್ಟ.

ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಇದೆ. ಎಷ್ಟೋ ಗೃಹಿಣಿಯರು ಅಲ್ಲಿ ಕಲಿತು ಹೋಗಿದ್ದಾರೆ. ನಾನು ತಂಗಿಯ ಮನೆಯಲ್ಲಿ ಉಳಿದುಕೊಂಡು ಕಲಿತದ್ದು ಅಲ್ಲೇ. ಮೊದಲ ಪಾಠ ತೂಕ. ಲೋಟ, ಪಾವು, ಹಿಡಿ ಯಾವುದೂ ನಡೆಯದು. ಹಿಟ್ಟು ಅರ್ಧ ಕಿಲೋ ಆದರೆ ನೀರು 300 ಗ್ರಾಂ ಚಿಲ್ಲರೆ, ಉಪ್ಪು 10 ಗ್ರಾಮಿನೊಳಗೆ, ಒಣ ಈಸ್ಟು 5 ಗ್ರಾಂ. ನೀರನ್ನು ಕೂಡ ತೂಗಬೇಕು ಎಂದಾಗ ಪಕ್ಕದಲ್ಲಿದ್ದ ಹಾಸನದ ಹೆಂಗಸು ‘ಅಯ್ಯೋ ಶಿವನೇ’ ಎಂದದ್ದು ಇನ್ನೂ ನೆನಪಿದೆ.

ಆದರೆ ಹೆಬ್ಬಾಳದ ತೂಕ ಕೊಡಿಕೊಂಡದ ಬಿಸಿಲಿಗೆ ಬಂದಾಗ ಬೇರೆಯಾಗುತ್ತದೆ. ನಮ್ಮ ಏಪ್ರಿಲ್ಲಿನಲ್ಲಿ ಅಡುಗೆಮನೆಯ ಕಟ್ಟೆಯೇ ಕಾದಿರುತ್ತದೆ. ಒಂದು ಗಂಟೆ ಉಬ್ಬಬೇಕಾದ ಹಿಟ್ಟು ಅರ್ಧ ಗಂಟೆಯಲ್ಲಿ ಪಾತ್ರೆಯ ಅಂಚು ದಾಟಿ ನೋಡುತ್ತದೆ. ಆಗ ನಾನು ಕಲಸಲು ಮಡಕೆಯ ತಣ್ಣೀರು ಹಾಕುತ್ತೇನೆ, ಈಸ್ಟನ್ನು ಅರ್ಧಕ್ಕೆ ಇಳಿಸುತ್ತೇನೆ, ಪಾತ್ರೆಯನ್ನು ನಡುಮನೆಯ ಕಲ್ಲಿನ ನೆಲದ ಮೇಲೆ ಇಡುತ್ತೇನೆ. ಪುಷ್ಯದ ಚಳಿಯಲ್ಲಿ ಅದೇ ಪಾತ್ರೆ ನೀರೊಲೆಯ ಪಕ್ಕಕ್ಕೆ ಹೋಗುತ್ತದೆ. ನಾದುವುದು ಎಲ್ಲಿಯವರೆಗೆ ಅಂದರೆ, ನಿಂಬೆಗಾತ್ರ ಹಿಟ್ಟು ತೆಗೆದು ಎರಡೂ ಕೈಯ ಬೆರಳಲ್ಲಿ ನಿಧಾನವಾಗಿ ಎಳೆದರೆ ಅದು ಹರಿಯದೆ ತೆಳ್ಳಗಾಗಿ, ಕಿಟಕಿಯ ಬೆಳಕು ಆಚೆಯಿಂದ ಈಚೆಗೆ ಕಾಣಬೇಕು. ನಡುವೆ ಹರಿದರೆ ಇನ್ನೂ ನಾದಬೇಕು. ಗೋಧಿಯ ಅಂಟಿಗೆ ಆ ಗುಣ ಇದೆ, ರಾಗಿಗೆ ಇಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ರಾಗಿ ಹಿಟ್ಟು ಸೇರಿಸುತ್ತೇನೆ, ಆದರೆ ಮೂರನೇ ಒಂದು ಪಾಲು ದಾಟುವ ಹಾಗಿಲ್ಲ. ದಾಟಿದರೆ ಉಬ್ಬುವುದಿಲ್ಲ, ಕೂತುಬಿಡುತ್ತದೆ. ಮುದ್ದೆಯಾಗಿ ಕೂರುವುದು ರಾಗಿಯ ಹುಟ್ಟುಗುಣ. ಅದನ್ನು ಬಲವಂತವಾಗಿ ಎಬ್ಬಿಸಬಾರದು.

ಇಲ್ಲಿಗೆ ಬಂದಾಗ ನಾದಿನಿಯ ಮಾತು ಮತ್ತೆ ಕೊರೆಯುತ್ತದೆ. ನಮ್ಮ ಮನೆಯಲ್ಲಿ ಒಂದೇ ನಾದುವಿಕೆಯಿಂದ ಮೂರು ಬಗೆ ಬ್ರೆಡ್ಡು ಬೇಯುತ್ತದೆ. ಯಜಮಾನರದು ರಾಗಿಯದು. ಮಗನಿಗೆ ಅಂಚು ಕೆಂಪಾಗಿ ಗರಿಗರಿ ಆಗಬೇಕು, ಅವನದು ಇನ್ನಷ್ಟು ಹೊತ್ತು ಒಳಗಿರುತ್ತದೆ. ಮಗಳಿಗೆ ಅಂಚೇ ಆಗದು. ಅವಳದನ್ನು ಬನ್ನು ಮಾಡಿ, ತೆಗೆದ ಕೂಡಲೇ ಮೇಲೆ ಹಾಲು ಸವರಿ ಬಟ್ಟೆ ಮುಚ್ಚುತ್ತೇನೆ, ಮೆತ್ತಗಾಗುತ್ತದೆ. ಗಾಳಿ ತಿಂಡಿ ಎಂದು ಬೈಯುವ ಅತ್ತೆಗೆ ಮಾತ್ರ ಅದೇ ಬನ್ನಿನ ಒಂದು ಭಾಗ ಕಾಫಿಗೆ ಅದ್ದಲು ಬೇಕು. ಹಲ್ಲಿಲ್ಲದವರಿಗೆ ಗಾಳಿ ತಿಂಡಿಯೇ ಸೈ ಎಂದು ನಾವು ಅವರನ್ನು ಕೀಟಲೆ ಮಾಡುತ್ತೇವೆ. ಅಂಗಡಿಗೆ ಇದು ಸಾಧ್ಯವಿಲ್ಲ, ಅದು ಅಂಗಡಿಯ ತಪ್ಪೂ ಅಲ್ಲ. ನಿನ್ನೆಯ ಬ್ರೆಡ್ಡು, ಇವತ್ತಿನ ಬ್ರೆಡ್ಡು, ನಾಳೆಯ ಬ್ರೆಡ್ಡು ಒಂದೇ ಥರ ಇರಬೇಕು ಎನ್ನುವುದೇ ಅಂಗಡಿಯ ಮರ್ಯಾದೆ. ತಿನ್ನುವವರು ಯಾರು ಎಂದು ಗೊತ್ತಿಲ್ಲದವರು ಎಲ್ಲರಿಗೂ ಒಪ್ಪುವಂತೆ ಮಾಡಲೇಬೇಕು. ತಿನ್ನುವ ಬಾಯಿ ಯಾವುದೆಂದು ಹಿಟ್ಟು ಕಲಸುವಾಗಲೇ ಗೊತ್ತಿರುವುದು ಮನೆಯಲ್ಲಿ. ಅಂಗಡೀದ್ ಥರಾನೇ ಎಂದರೆ ನನ್ನ ಬ್ರೆಡ್ಡಿನಲ್ಲಿ ಯಾರ ಬಾಯಿಯೂ ಇಲ್ಲ ಎಂದಂತಾಗುತ್ತದೆ. ನನಗೆ ನೋಯುವುದು ಅಲ್ಲಿ.

ಆ ಮಾತನ್ನು ಯಾರೂ, ಯಾವತ್ತೂ ಹೇಳದ ತಿಂಡಿ ಒಂದಿದೆ ನಮ್ಮ ಮನೆಯಲ್ಲಿ. ಅದು ಕಜ್ಜಾಯ.

ಕಜ್ಜಾಯ ಅಂಗಡಿಯಲ್ಲಿ ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ, ವರ್ಷವೆಲ್ಲ ಸಿಗುತ್ತದೆ. ಆದರೆ ನಮ್ಮ ಕಡೆ, ಅಂದರೆ ಹಿಂದೂಪುರ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಕೋಲಾರ, ಈ ಇಡೀ ಸೀಮೆಯಲ್ಲಿ ಕಜ್ಜಾಯಕ್ಕೆ ಒಂದು ದಿನ ಇದೆ. ದೀಪಾವಳಿ ಅಮಾವಾಸ್ಯೆ. ಅವತ್ತು ಕೇದಾರೇಶ್ವರನ ನೋಮು, ಅಂದರೆ ವ್ರತ. ಬೇರೆ ಕಡೆಯವರು ದೀಪಾವಳಿ ಎಂದರೆ ಪಟಾಕಿ, ಎಣ್ಣೆ ನೀರು ಅನ್ನುತ್ತಾರೆ. ನಮಗೆ ದೀಪಾವಳಿ ಎಂದರೆ ನೋಮು, ನೋಮು ಎಂದರೆ ಕಜ್ಜಾಯ. 21 ಎಳೆಯ ದಾರ, 21 ವೀಳ್ಯದೆಲೆ, 21 ಅಡಿಕೆ, 21 ಅರಿಶಿನದ ಕೊಂಬು, 21 ಕಜ್ಜಾಯ. ಇಪ್ಪತ್ತಾದರೆ ಆಗದು, ಒಡೆದದ್ದು ಲೆಕ್ಕಕ್ಕಿಲ್ಲ. ನೋಮು ಇರುವ ಮನೆ, ಇಲ್ಲದ ಮನೆ ಎಂದು ಊರಿನಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಸಾವೋ ಸೂತಕವೋ ಬಂದು ಒಂದು ಮನೆಯ ನೋಮು ನಿಂತರೆ, ನೋಮು ಇರುವ ಇನ್ನೊಂದು ಮನೆಯವರ ಜೊತೆ ಕೂತು ಎತ್ತಿಕೊಳ್ಳಬೇಕು ಎಂಬ ಕಟ್ಟಳೆ ನಮ್ಮಲ್ಲಿದೆ. ದೇವರೊಬ್ಬನಿಂದ ಅದು ಮತ್ತೆ ಶುರುವಾಗುವುದಿಲ್ಲ, ನೆರೆಯವರೂ ಬೇಕು. ನನಗೆ ಈ ಕಟ್ಟಳೆ ಬಹಳ ಇಷ್ಟ.

ಕಜ್ಜಾಯದ ಕೆಲಸ ಬೆಲ್ಲದಿಂದ ಶುರು. ಹಿಂದೂಪುರದ ಬೆಲ್ಲದ ಮಂಡಿ ಹೆಸರಾದದ್ದು, ಹುಣಸೆಹಣ್ಣಿನದೂ ಹಾಗೆಯೇ. ಅತ್ತೆ ಗಟ್ಟಿಯಾಗಿದ್ದ ಕಾಲದಲ್ಲಿ ತಾವೇ ಬಸ್ಸು ಹತ್ತಿ ಹೋಗುತ್ತಿದ್ದರು. ಅಂಗಡಿಯವನು ‘ನೋಡಮ್ಮ, ಚಿನ್ನದ ಬಣ್ಣ’ ಎಂದು ಹಳದಿ ಬೆಲ್ಲ ಮುಂದಿಟ್ಟರೆ, ‘ಚಿನ್ನ ಬೇಕಾದರೆ ಅಕ್ಕಸಾಲಿ ಹತ್ತಿರ ಹೋಗ್ತೀನಿ ಕಣಪ್ಪ, ಬೆಲ್ಲ ತೋರಿಸು’ ಅನ್ನುತ್ತಿದ್ದರು. ಬೆಲ್ಲ ಬೆಳ್ಳಗಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ ಎಂಬುದು ಅವರಿಗೆ ಪುಸ್ತಕ ಓದದೇ ಗೊತ್ತಿತ್ತು. ಅಂಥ ಬೆಲ್ಲಕ್ಕೆ ಪಾಕ ನಿಲ್ಲುವುದಿಲ್ಲ ಎನ್ನುವುದು ಅವರ ಲೆಕ್ಕ. ಚೂರು ಮುರಿದು ಮೂಸಿ, ನಾಲಗೆಯ ತುದಿಗೆ ತಾಗಿಸಿ, ಉಪ್ಪುಪ್ಪಾಗಿದ್ದರೆ ಅಲ್ಲೇ ಇಟ್ಟು ಮುಂದಿನ ಅಂಗಡಿಗೆ. ಕಪ್ಪಗೆ, ಜಿಗುಟಾಗಿ, ಒತ್ತಿದರೆ ಬೆರಳಚ್ಚು ಬೀಳುವ ಬೆಲ್ಲವೇ ಆಗಬೇಕು.

ಅಕ್ಕಿ ನೆನೆಹಾಕಿ, ನೀರು ಬಸಿದು, ಹಳೆಯ ಪಂಚೆಯ ಮೇಲೆ ನೆರಳಿನಲ್ಲಿ ಹರಡಬೇಕು. ಬಿಸಿಲು ಬೀಳಕೂಡದು. ಹಿಡಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ನಾಲ್ಕು ಕಾಳು ಅಂಟಿರಬೇಕು, ಅಷ್ಟು ಪಸೆ. ಆ ಪಸೆಯಲ್ಲೇ ಕುಟ್ಟಬೇಕು. ನಾವು ಈಗ ಮಿಲ್ಲಿಗೇ ಕಳಿಸುತ್ತೇವೆ. ದೀಪಾವಳಿ ಹಿಂದಿನ ದಿನ ಮಿಲ್ಲಿನಲ್ಲಿ ಹಸಿ ಅಕ್ಕಿಯ ಡಬ್ಬಿಗಳು ಸಾಲಾಗಿ ಕೂತಿರುತ್ತವೆ, ಮುಚ್ಚಳಗಳ ಮೇಲೆ ಹೆಸರು ಕೊರೆಸಿರುತ್ತಾರೆ. ಅವತ್ತು ಮಿಲ್ಲಿನವನು ಮೆಣಸಿನಕಾಯಿ ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಹಾಕುವುದಿಲ್ಲ. ನೋಮಿನ ಹಿಟ್ಟಿಗೆ ಖಾರದ ಘಾಟು ತಾಗಬಾರದು ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಅವನು ನೋಮು ಮಾಡುವವನೂ ಅಲ್ಲ, ಅವನದು ಬೇರೆ ಮತ.

ಹಿಟ್ಟು ಬಂದ ಮೇಲೆ ಪಾಕ. ಬೆಲ್ಲ ಕರಗಿಸಿ, ಕಸ ಸೋಸಿ, ಮತ್ತೆ ಒಲೆಯ ಮೇಲಿಡುತ್ತಾರೆ. ನೊರೆ ಮೊದಲು ದೊಡ್ಡ ದೊಡ್ಡದಾಗಿ, ಆಮೇಲೆ ಸಣ್ಣಗಾಗಿ, ಮೇಲೆ ಏರುತ್ತದೆ. ಆಗ ಅಡುಗೆಮನೆಯಲ್ಲಿ ಮಾತು ನಿಲ್ಲುತ್ತದೆ. ಪಕ್ಕದಲ್ಲಿ ಒಂದು ತಟ್ಟೆ ನೀರು. ಅತ್ತೆ ಸೌಟಿನ ತುದಿಯಿಂದ ಒಂದು ಹನಿ ಬಿಡುತ್ತಾರೆ. ಹನಿ ನೀರಿನಲ್ಲಿ ಚದುರಿ ಕಂದು ಬಣ್ಣ ಹರಡಿದರೆ ಇನ್ನೂ ಇಲ್ಲ. ಇನ್ನೊಂದು ಹನಿ. ಈ ಸಲ ತಳಕ್ಕೆ ಹೋಗಿ ಕೂರುತ್ತದೆ, ಬೆರಳಿನಿಂದ ಕೂಡಿಸಿದರೆ ಕೂಡುತ್ತದೆ, ಎತ್ತಲು ಹೋದರೆ ಜಾರುತ್ತದೆ. ಇನ್ನೂ ಇಲ್ಲ. ಮೂರನೆಯದೋ ನಾಲ್ಕನೆಯದೋ ಹನಿ ಬೆರಳುಗಳ ನಡುವೆ ಮೆತ್ತನೆಯ ಉಂಡೆಯಾಗಿ ಎದ್ದು ಬರುತ್ತದೆ. ಅದನ್ನು ತಟ್ಟೆಯ ಅಂಚಿಗೆ ಬಡಿದರೆ ಸದ್ದು ಬರಬಾರದು. ಟಣ್ ಎಂದರೆ ಪಾಕ ಏರಿತು, ಕಜ್ಜಾಯ ಕಲ್ಲಾಗುತ್ತದೆ. ಏರದೆ ಇದ್ದರೆ ಇನ್ನೂ ಕೆಟ್ಟದ್ದು, ಎಣ್ಣೆಗೆ ಬಿಟ್ಟ ಕೂಡಲೇ ಕಜ್ಜಾಯ ಎಳೆ ಎಳೆಯಾಗಿ ಬಿಚ್ಚಿ ಬಾಣಲೆ ತುಂಬ ಹರಿಯುತ್ತದೆ. ಈ ಎರಡರ ನಡುವೆ ಇರುವ ಹೊತ್ತು ಉಸಿರು ಬಿಗಿಹಿಡಿದು ಬಿಡುವಷ್ಟು ಮಾತ್ರ. ಅತ್ತೆ ‘ಇಳಿಸು’ ಅಂದರೆ ಇಳಿಸಬೇಕು, ಯಾಕೆ ಏನು ಅನ್ನಬಾರದು. ಇಳಿಸಿ, ಏಲಕ್ಕಿ, ಗಸಗಸೆ, ಎಳ್ಳು ಹಾಕಿ, ಒಬ್ಬರು ಹಿಟ್ಟು ಸುರಿಯುತ್ತಾ ಒಬ್ಬರು ಮರದ ಕೋಲಿನಲ್ಲಿ ತಿರುವುತ್ತಾ ಹೋಗಬೇಕು. ಗಂಟಾಗಬಾರದು. ಮೇಲೆ ತುಪ್ಪ ಸವರಿ ಮುಚ್ಚಿದರೆ ರಾತ್ರಿಯೆಲ್ಲ ಅದು ಹದಕ್ಕೆ ಬರುತ್ತದೆ.

ನನ್ನ ಹೆಬ್ಬಾಳದ ತಕ್ಕಡಿ ಇಲ್ಲಿ ಸುಮ್ಮನೆ ಕೂರುತ್ತದೆ. ಒಂದು ಸಲ ಅತ್ತೆಯ ಅಳತೆಯನ್ನು ಗುಟ್ಟಾಗಿ ತೂಗಿ ಬರೆದಿಟ್ಟುಕೊಳ್ಳಲು ನೋಡಿದೆ. ಅವರು ಕಂಡು ನಕ್ಕು, ‘ಬರ್ಕೊ ಬರ್ಕೊ, ಬೆಲ್ಲಕ್ಕೆ ಓದೋಕೆ ಬರಲ್ಲ’ ಎಂದರು. ಬೆಲ್ಲದ ಒಂದೊಂದು ಅಚ್ಚಿನ ಪಸೆ ಒಂದೊಂದು ಥರ, ಒಂದೊಂದು ಗದ್ದೆಯ ಕಬ್ಬು ಒಂದೊಂದು ಥರ. ಬ್ರೆಡ್ಡಿನಲ್ಲಿ ಹಿಟ್ಟನ್ನು ತೂಗಿ ನಾವು ಅದನ್ನು ಹಿಡಿತಕ್ಕೆ ತಂದುಕೊಳ್ಳುತ್ತೇವೆ. ಪಾಕದಲ್ಲಿ ಬೆಲ್ಲ ಹೇಳಿದ್ದನ್ನು ನಾವು ಕೇಳಬೇಕು.

ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಉಪವಾಸವಿದ್ದು, ಗಾಣದ ಕಡಲೆಕಾಯಿ ಎಣ್ಣೆ ಕಾಯಲು ಇಡುತ್ತಾರೆ. ಅನಂತಪುರದ ಸೀಮೆಯಲ್ಲಿ ಕಡಲೆಕಾಯಿ ಬಿಟ್ಟರೆ ಇನ್ನೇನು ಬೆಳೆದೀತು? ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಒಬ್ಬರು ಬಾಳೆ ಎಲೆಯ ಮೇಲೆ ತಟ್ಟುತ್ತಾರೆ, ಒಬ್ಬರು ಎಣ್ಣೆಗೆ ಬಿಡುತ್ತಾರೆ, ಒಬ್ಬರು ತೆಗೆದು ಎರಡು ಜಾಲರಿ ಸೌಟುಗಳ ನಡುವೆ ಇಟ್ಟು ಒತ್ತುತ್ತಾರೆ. ಒತ್ತಿದಾಗ ಎಣ್ಣೆ ಸೊರಗುಟ್ಟುತ್ತಾ ಇಳಿದು, ಉಬ್ಬಿದ್ದ ಕಜ್ಜಾಯ ಕೆಂಪಗೆ ಚಪ್ಪಟೆಯಾಗುತ್ತದೆ. ಮೊದಲ 21 ದೇವರಿಗೆ ಬೇರೆ. ಆಮೇಲಿನವು ಮನುಷ್ಯರಿಗೆ: ನೋಮು ಇಲ್ಲದ ಮನೆಗಳಿಗೆ, ಮಿಲ್ಲಿನವನಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ. ಹಬ್ಬದ ಮರುದಿನ ನಮ್ಮ ಚೆಕ್‌ಪೋಸ್ಟಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿ ನೋಡಿ. ಒಂದೊಂದು ಮಡಿಲಲ್ಲೂ ಒಂದೊಂದು ಸ್ಟೀಲ್ ಡಬ್ಬಿ, ಬಸ್ಸಿನ ತುಂಬ ಬೆಲ್ಲ, ಎಣ್ಣೆ, ಏಲಕ್ಕಿಯ ವಾಸನೆ.

ಕಜ್ಜಾಯವನ್ನು ಹೀಗೆ ಹೊಗಳಿ ಬೇಕರಿಯನ್ನು ಕೆಳಗಿಳಿಸಿದೆ ಅಂದುಕೊಳ್ಳಬೇಡಿ. ಬೇಕರಿಗಳ ಮೇಲೆ ನನಗೆ ಗೌರವವಿದೆ. ನಮ್ಮ ಸೀಮೆಯವರಿಗೆಲ್ಲ ಬೇಕರಿ ಎಂದರೆ ಅಯ್ಯಂಗಾರ್ ಬೇಕರಿ. ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಕಡೆ ತೆರೆದ ಬಿ.ಬಿ. ಬೇಕರಿಯಿಂದ ಅದರ ಚರಿತ್ರೆ ಶುರು ಎನ್ನುತ್ತಾರೆ. ಹಾಸನದ ಕಡೆಯ ಹಳ್ಳಿಗಳಿಂದ ಅಣ್ಣ, ತಮ್ಮ, ಭಾವ, ಭಾಮೈದ ಒಬ್ಬರ ಹಿಂದೆ ಒಬ್ಬರು ಬಂದು, ಮೊಟ್ಟೆ ಮುಟ್ಟದವರ ಮನೆಗೂ ಬ್ರೆಡ್ಡು ಹೋಗುವಂತೆ ಮಾಡಿದರು. ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಹೆಚ್ಚಿಹಾಕಿದ ಖಾರಾ ಬ್ರೆಡ್ಡನ್ನು ಯಾವ ಇಂಗ್ಲೆಂಡಿನವನೂ ಯೋಚಿಸಿರಲಾರ. ಅದು ಅಡುಗೆಮನೆಯ ಬುದ್ಧಿ. ಇನ್ನು ಊರಿಗೆಲ್ಲ ಒಟ್ಟಿಗೆ ಬೇಯಿಸುವುದು ಹೊಸದೂ ಅಲ್ಲ. ನಮ್ಮ ಪಕ್ಕದ ಲೇಪಾಕ್ಷಿಯಲ್ಲಿ ಬಂಡೆಯ ಮೇಲೆ ಕೊರೆದ ದೊಡ್ಡ ದೊಡ್ಡ ತಟ್ಟೆಗಳಿವೆ, ಪಲ್ಯ ಸಾರಿಗೆ ಕುಳಿಗಳೂ ಇವೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಗುಡಿ ಕಟ್ಟಿಸುವಾಗ ಕೆಲಸಗಾರರು ಅದರಲ್ಲೇ ಉಂಡರು ಎಂದು ಗೈಡುಗಳು ತೋರಿಸುತ್ತಾರೆ. ಅಲ್ಲವೇ ಮತ್ತೆ, ನೂರಾರು ಮಂದಿ ಮನೆ ಬಿಟ್ಟು ದುಡಿಯುವ ಕಡೆ ಯಾರಾದರೂ ಒಟ್ಟಿಗೆ ಬೇಯಿಸಲೇಬೇಕು. ಎಲ್ಲ ಕಾಲಕ್ಕೂ ಅದು ಬೇಕಾದದ್ದೇ.

ನಾನು ಹೇಳಬೇಕೆಂದಿದ್ದ ಇನ್ನೊಂದು ಮಾತು ಇದಕ್ಕಿಂತ ಭಾರದ್ದು. ‘ಅವರ ಮನೆಯಲ್ಲಿ ಎಲ್ಲ ಮನೆಯಲ್ಲೇ ಮಾಡ್ತಾರೆ’ ಎಂದು ಜನ ಮೆಚ್ಚಿ ಆಡುತ್ತಾರೆ. ಮಾಡುವವರು ಯಾರು? ಗೋಡೆ ಮಾಡುತ್ತದೆಯೇ? ಅತ್ತೆಯ ಬಲಗೈ ಮಣಿಕಟ್ಟು ಇವತ್ತಿಗೂ ನೆಟ್ಟಗಾಗುವುದಿಲ್ಲ. ಬೀಸುಕಲ್ಲು, ಒನಕೆ, ಮುದ್ದೆಯ ಕೋಲು, ಕಜ್ಜಾಯದ ಕೋಲು ಎಲ್ಲ ಆ ಒಂದು ಕೈಯಲ್ಲಿ ಹಾದುಹೋಗಿವೆ. ನೋಮಿನ ದಿನ ಉಪವಾಸವಿದ್ದು, ಹೊಗೆಯಲ್ಲಿ ಕೂತು, ಮನೆ ಮಂದಿಗೆಲ್ಲ ಕರಿದು, ಕೊನೆಗೆ ತಿನ್ನುವ ಹೊತ್ತಿಗೆ ತಿನ್ನಲು ಮನಸ್ಸಿಲ್ಲದೆ ಮಜ್ಜಿಗೆ ಕುಡಿದು ಮಲಗುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ದೂರಿ ಹೇಳಿದ್ದಲ್ಲ, ಹಾಗೆಯೇ ಇರಬೇಕು ಎಂಬಂತೆ ಹೇಳಿದ್ದು. ಅದು ನನಗೆ ಹೆಚ್ಚು ಸಂಕಟ ಕೊಟ್ಟಿತು. ಮನೆಯ ರುಚಿ ಎಂದು ನಾವು ಅನ್ನುವುದರಲ್ಲಿ ಒಬ್ಬಳ ಹಸಿವು ಬೆರೆತಿದ್ದರೆ ಆ ರುಚಿ ಬೇಡ.

ನಮ್ಮ ಬೀದಿಯಿಂದ ಬೆಳಗಾಗುವ ಮುಂಚೆ ಗಾರ್ಮೆಂಟ್ಸ್ ಬಸ್ಸಿಗೆ ಓಡುವ ಹೆಣ್ಣುಮಕ್ಕಳಿದ್ದಾರೆ. ಮಗುವಿನ ಡಬ್ಬಿಗೆ ಅಂಗಡಿಯ ಬ್ರೆಡ್ಡಿಗೆ ಜಾಮ್ ಸವರಿ ಹಾಕಿ ಓಡುತ್ತಾರೆ. ಅವರಿಗೆ ಮನೆಯಲ್ಲೇ ಮಾಡಿ ಎಂದು ಉಪದೇಶ ಮಾಡುವ ಬಾಯಿಗೆ ಬೀಗ ಹಾಕಬೇಕು. ಅಂಥವಳೊಬ್ಬಳ ಮಗು ಶನಿವಾರ ನಮ್ಮ ಮನೆಗೆ ಬಂದು, ನಮ್ಮ ಮಗಳ ಬನ್ನಿನಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಅದಕ್ಕೆಂದೇ ಒಂದು ಉಂಡೆ ಹೆಚ್ಚು ಇಡುತ್ತೇನೆ. ಡ್ವಾಕ್ರಾ ಸ್ವಸಹಾಯ ಸಂಘದ ಹೆಂಗಸರು ಮಾಡಿ ಮಾರುವ ನಿಪ್ಪಟ್ಟನ್ನು ನಾನೂ ಕೊಂಡಿದ್ದೇನೆ, ಕೊಳ್ಳುತ್ತೇನೆ. ಕರಿದ ಕೈಗೆ ಕಾಸು ಸಿಗುವುದಾದರೆ ಅದಕ್ಕಿಂತ ಬೇರೇನು ಬೇಕು.

ಉಳಿದ ಮನೆಗಳಲ್ಲಿ, ಅಂದರೆ ನಮ್ಮಂಥ ಮನೆಗಳಲ್ಲಿ, ಎಲ್ಲ ಮನೆಯಲ್ಲೇ ಆಗಬೇಕಾದರೆ ಮನೆಯವರೆಲ್ಲ ಕೈಹಾಕಬೇಕು. ನಮ್ಮಲ್ಲಿ ಬ್ರೆಡ್ಡಿನ ಹಿಟ್ಟು ನಾದುವುದು ಯಜಮಾನರ ಕೆಲಸ. ರಾಗಿ ಸೇರಿಸಿದ ಹಿಟ್ಟಿನ ಬಗ್ಗೆ ಅವರು ಈಗ ನನಗೇ ಪಾಠ ಹೇಳುತ್ತಾರೆ, ಹೇಳಲಿ. ಮಗಳು ತೂಗುತ್ತಾಳೆ. ಕಜ್ಜಾಯಕ್ಕೆ ಮಗನನ್ನು ಕರೆದಾಗ ಮಾತ್ರ ದೊಡ್ಡ ಪ್ರಶ್ನೆ ಎದ್ದಿತು. ನೋಮಿನ ಕಜ್ಜಾಯವನ್ನು ಗಂಡುಹುಡುಗ ಒತ್ತಬಹುದೇ? ಓರಗಿತ್ತಿ ಒಬ್ಬಳು ಆಗದು ಎಂದಳು. ಚಿಕ್ಕಮ್ಮ ಯಾರನ್ನಾದರೂ ಕೇಳೋಣ ಎಂದರು. ಎಣ್ಣೆ ಕಾಯುತ್ತಿತ್ತು. ಎಲ್ಲರೂ ಅತ್ತೆಯ ಮುಖ ನೋಡಿದೆವು.

‘ಸ್ನಾನ ಮಾಡಿದ್ದಾನಲ್ಲ? ಒತ್ತಲಿ ಬಿಡು. ನನ್ನ ಕೈಗಿಂತ ಅವನ ಕೈ ಗಟ್ಟಿ.’

ಅವನು ಒತ್ತಿದ. ಸೌಟನ್ನು ಬಲವಾಗಿ ಒತ್ತಿ ಎರಡು ಮೂರು ಒಡೆದ, ಒಡೆದವನ್ನು ಅಲ್ಲಿಯೇ ತಿಂದ, ಆಮೇಲೆ ಹದ ಸಿಕ್ಕಿತು. ಹೋದ ದೀಪಾವಳಿಗೆ ಪಾಕದ ತಟ್ಟೆಯ ಮುಂದೆಯೂ ಅವನೇ ಕೂತಿದ್ದ. ಅತ್ತೆಗೆ ಈಗ ಕಣ್ಣು ಮಂಜು, ಹನಿ ಕೂಡಿತೋ ಚದುರಿತೋ ಕಾಣುವುದಿಲ್ಲ. ಅವನು ಹನಿ ಎತ್ತಿ ಅವರ ಬೆರಳುಗಳ ನಡುವೆ ಇಡುತ್ತಿದ್ದ, ಅವರು ಮುಟ್ಟಿ ಇನ್ನೂ ಇಲ್ಲ ಎನ್ನುತ್ತಿದ್ದರು. ಕೊನೆಯ ಹನಿಯನ್ನು ಅವನು ಅವರಿಗೆ ಕೊಡಲಿಲ್ಲ. ತಾನೇ ಉರುಳಿಸಿ ನೋಡಿ, ‘ಅಜ್ಜೀ, ಆಯ್ತು’ ಎಂದ. ಅವರು ಮುಟ್ಟಿ ನೋಡುತ್ತೇನೆ ಎನ್ನಲಿಲ್ಲ. ‘ಇಳಿಸು’ ಎಂದರು.

ಈ ಸಲ ಬೆಲ್ಲ ತರಲು ಅವನನ್ನೇ ಹಿಂದೂಪುರಕ್ಕೆ ಕಳಿಸುತ್ತೇನೆ. ಹಳದಿ ಬೆಲ್ಲ ತಂದರೆ ವಾಪಸು ಕೊಟ್ಟು ಬರುವ ಬಸ್ ಚಾರ್ಜು ಅವನದೇ.